ಮೇ ತಿಂಗಳ ತರಬೇತಿ ಕಾನ್ಹೇರಿಯಲ್ಲಿ ನಡೆಯಲಿ

ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗೆ, ಕಾನ್ಹೇರಿ ಗವಿಗಳ ಬಂಡೆಯ ಮೇಲೆ, ನಮ್ಮ ನೃಪತುಂಗನ ಹೆಸರಿದೆ. ಸ್ಟಾಫ್ ರೂಮಿನಲ್ಲಿ ಈ ಮಾತು ಎತ್ತಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ: "ಹೌದಾ? ಯಾವಾಗ ಸಿಕ್ಕಿತು?" ಹೊಸದಾಗಿ ಸಿಕ್ಕಿದ್ದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ ವಿದ್ವಾಂಸರು ಓದಿ ಅಚ್ಚು ಹಾಕಿಸಿದ ಶಾಸನಗಳವು. ಪುಣೆಯ ಡೆಕ್ಕನ್ ಕಾಲೇಜಿನ ಶೋಭನಾ ಗೋಖಲೆ ಕಾನ್ಹೇರಿಯ ಶಾಸನಗಳ ಮೇಲೆ ಒಂದು ಇಡೀ ಪುಸ್ತಕವನ್ನೇ 1991ರಲ್ಲಿ ತಂದಿದ್ದಾರೆ. ಮುಂಬಯಿಯ ಕನ್ನಡ ಶಾಲೆಯವರೆಗೆ ಆ ಸುದ್ದಿ ಬಂದು ಮುಟ್ಟಿಲ್ಲ, ಅಷ್ಟೇ.

ಸುದ್ದಿ ಏನೆಂದರೆ, ನೃಪತುಂಗ, ಅಂದರೆ ರಾಷ್ಟ್ರಕೂಟ ಅಮೋಘವರ್ಷ, ಮಾನ್ಯಖೇಟದಲ್ಲಿ ಕುಳಿತು ಆಳುತ್ತಿದ್ದಾಗ ಉತ್ತರ ಕೊಂಕಣ ಅವನ ಸಾಮಂತರಾದ ಶಿಲಾಹಾರರ ಕೈಯಲ್ಲಿತ್ತು. ಮೊದಲು ಪುಲ್ಲಶಕ್ತಿ, ಆಮೇಲೆ ಅವನ ಮಗ ಎರಡನೆಯ ಕಪರ್ದಿ. ಇವರ ಕಾಲದ ಮೂರು ಸಂಸ್ಕೃತ ಶಾಸನಗಳು ಕಾನ್ಹೇರಿಯಲ್ಲಿವೆ: ಶಕವರ್ಷ 765, 775 ಮತ್ತು 799ರವು. ಕ್ರಿಸ್ತಶಕದ ಲೆಕ್ಕದಲ್ಲಿ 843ರ ಸುಮಾರಿನಿಂದ 877ರ ಸುಮಾರಿನವರೆಗೆ. ಕನ್ನಡದಲ್ಲಿ ನಮಗೆ ಉಳಿದು ಬಂದಿರುವ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ' ಅದೇ ರಾಜನ ಆಸ್ಥಾನದಲ್ಲಿ ರೂಪುಗೊಂಡದ್ದೂ ಇದೇ ಕಾಲದಲ್ಲಿ. ಮೊದಲ ಶಾಸನದಲ್ಲಿ ಪುಲ್ಲಶಕ್ತಿಯ ಮುದಿ ಮಂತ್ರಿಯೊಬ್ಬ ಇಲ್ಲಿನ ಬೌದ್ಧ ಸಂಘಕ್ಕೆ ಹಣ ಕೊಡುತ್ತಾನೆ. ಗವಿಯ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ ಎಂದು ಬಾಬತ್ತು ಬಾಬತ್ತಾಗಿ. ನಮ್ಮ ಪಾಲಿಕೆ ಶಾಲೆಗಳ ಬಜೆಟ್ಟಿನಲ್ಲಿ ಇವತ್ತಿಗೂ ಈ ಮೂರು ಬಾಬತ್ತುಗಳಿವೆ: ಕಟ್ಟಡದ ರಿಪೇರಿ, ಯೂನಿಫಾರ್ಮು, ಪುಸ್ತಕ. ಇನ್ನೊಂದು ಶಾಸನದಲ್ಲಿ ಗೌಡ ದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಅವಿಘ್ನಾಕರ ಎಂಬ ಭಕ್ತ ನೂರು ದ್ರಮ್ಮಗಳ ದತ್ತಿ ಬಿಡುತ್ತಾನೆ.

ನಾನು ಸಮಾಜವಿಜ್ಞಾನ ಕಲಿಸುವವಳು. ನಮ್ಮ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಈಗ ಕೂತಿರುವವರು ಉಡುಪಿ, ಕುಂದಾಪುರದ ಹೋಟೆಲಿನವರ ಮಕ್ಕಳಲ್ಲ. ಆ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ ಒಂದು ತಲೆಮಾರೇ ಆಯಿತು. ಈಗಿನವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಬೆಳಿಗ್ಗೆ ನಾಕಾದಲ್ಲಿ ನಿಂತು ಕೂಲಿ ಹುಡುಕುವವರ ಮಕ್ಕಳು. ರಾಷ್ಟ್ರಕೂಟರ ಪಾಠ ಮಾಡುವಾಗ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ ಎಂದೆ. ಸೇಡಂ ಕಡೆಯ ಒಬ್ಬ ಹುಡುಗ ತಲೆ ಎತ್ತಿದ. "ಅಕ್ಕೋರೆ, ಮಳಖೇಡ ಅಂದ್ರ ಸಿಮೆಂಟ್ ಫ್ಯಾಕ್ಟ್ರಿ ಊರಲ್ರಿ? ಅಲ್ಲಿ ರಾಜಾ ಎಲ್ಲಿದ್ದಾನ?" ಅವನ ಅಪ್ಪ ಕಾಂದಿವಲಿಯಲ್ಲಿ ಸಿಮೆಂಟು ಕಲಸುವವನು. ಕಾಗಿಣಾ ನದಿಯ ದಂಡೆಯ ಆ ಹಾಳು ಕೋಟೆಯಲ್ಲಿ ಕುಳಿತವನ ಅಧಿಕಾರ ನೀನು ಈಗ ಇರುವ ಬೋರಿವಲಿಯವರೆಗೂ ನಡೆಯುತ್ತಿತ್ತು, ಅದಕ್ಕೆ ಕಲ್ಲಿನ ಸಾಕ್ಷಿ ಇಲ್ಲೇ ಇದೆ ಎಂದಾಗ ಅವನು ನನ್ನನ್ನು ನಂಬಲಿಲ್ಲ. ನಂಬದಿದ್ದದ್ದೇ ಸರಿ. ಇತಿಹಾಸದ ವಿದ್ಯಾರ್ಥಿ ತೋರಿಸಿ ಎನ್ನಬೇಕು.

ತೋರಿಸಬೇಕಾದರೆ ಮೊದಲು ಶಿಕ್ಷಕರು ನೋಡಿರಬೇಕಲ್ಲ. ಹೇಳಬೇಕಾದ ವಿಷಯ ಇದು.

ರಾಷ್ಟ್ರೀಯ ಶಿಕ್ಷಣ ನೀತಿ 2020 ಬಂದ ಮೇಲೆ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ ಪಡೆಯಬೇಕು ಎಂದಾಗಿದೆ. ಮಹಾರಾಷ್ಟ್ರದಲ್ಲಿ ಇದರ ಜೊತೆಗೆ 12 ವರ್ಷ ಸೇವೆ ಮುಗಿದಾಗ ವರಿಷ್ಠ ಶ್ರೇಣಿಗೆ, 24 ವರ್ಷಕ್ಕೆ ನಿವಡ್ ಶ್ರೇಣಿಗೆ ಬೇರೆ ತರಬೇತಿ. ಅದಿಲ್ಲದೆ ಸಂಬಳದ ಮೆಟ್ಟಿಲು ಹತ್ತುವಂತಿಲ್ಲ. ಇವೆಲ್ಲ ಬಹುಮಟ್ಟಿಗೆ ಬೇಸಿಗೆ ರಜೆಯ ತಲೆಗೇ ಬಂದು ಕೂರುತ್ತವೆ. ಊರಿನ ಟಿಕೆಟ್ಟು ತಿಂಗಳುಗಟ್ಟಲೆ ಮೊದಲೇ ತೆಗೆದಿಟ್ಟ ಶಿಕ್ಷಕಿಗೆ ಏಪ್ರಿಲ್ ಕೊನೆಯಲ್ಲಿ ವಾಟ್ಸಾಪಿನಲ್ಲಿ ಸುತ್ತೋಲೆ. ಸರಿ, ಕೆಲಸ ಎಂದ ಮೇಲೆ ಹೋಗಲೇಬೇಕು. ಹೋದರೆ ಏನು? ಒಂದು ಸಭಾಂಗಣ, ತಿರುಗಿಯೂ ಗಾಳಿ ಬಾರದ ಫ್ಯಾನು, ಪ್ರೊಜೆಕ್ಟರು, ಬೆಳಿಗ್ಗೆ ಒಂದು ಸಹಿ, ಸಂಜೆ ಒಂದು ಸಹಿ, ನಡುವೆ ಗುಂಪು ಚರ್ಚೆಯ ಫೋಟೊ, ಕೊನೆಗೆ ಮೊಬೈಲಿನಲ್ಲಿ ಅಭಿಪ್ರಾಯದ ಫಾರ್ಮು. 2019ರಲ್ಲಿ ಶುರುವಾದ 'ನಿಷ್ಠಾ' ತರಬೇತಿ ಮರುವರ್ಷ ಕೊರೊನಾದಿಂದ ಮೊಬೈಲಿಗೆ ಬಂತು. ವಿಡಿಯೊ ಓಡಲು ಬಿಟ್ಟು ಸಾರಿಗೆ ಒಗ್ಗರಣೆ ಹಾಕಿದವರು ಎಷ್ಟು ಮಂದಿಯೋ! ನಾನು ಹೋಗಿದ್ದ ಒಂದು ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿಗಳು ಎಲಿಫೆಂಟಾದ ತ್ರಿಮೂರ್ತಿಯ ಸ್ಲೈಡು ಹಾಕಿದರು. ಕಿಟಕಿಯ ಬೆಳಕಿಗೆ ತ್ರಿಮೂರ್ತಿ ಬೂದಿ ಬಣ್ಣದ ಒಂದು ಮುದ್ದೆಯಾಗಿ ಕಂಡ. ಆ ಸಭಾಂಗಣದಿಂದ ಗೇಟ್‌ವೇಗೆ ಟ್ಯಾಕ್ಸಿಯಲ್ಲಿ ಹತ್ತು ನಿಮಿಷದ ದಾರಿ. ಅಲ್ಲಿಂದ ಲಾಂಚಿನಲ್ಲಿ ಒಂದು ಗಂಟೆ.

ಆ 50 ಗಂಟೆಯಲ್ಲಿ ಮೂರು ದಿನ ಸ್ಮಾರಕಗಳ ಅಂಗಳಕ್ಕೆ ಬರಲಿ. ಮುಂಬಯಿಯಲ್ಲಿ ಅದಕ್ಕೆ ಕಾನ್ಹೇರಿಗಿಂತ ಒಳ್ಳೆಯ ಜಾಗ ಇಲ್ಲ.

ಏಕೆ ಎಂದು ಹೇಳುತ್ತೇನೆ. ಬೋರಿವಲಿ ಪೂರ್ವದ ಗೇಟಿನಿಂದ ಸುಮಾರು ಆರು ಕಿಲೋಮೀಟರು ಕಾಡಿನ ರಸ್ತೆ. ಗೇಟಿನಲ್ಲಿ ಅರಣ್ಯ ಇಲಾಖೆಯ ಒಂದು ಟಿಕೆಟ್ಟು, ಗವಿಗಳ ಬುಡದಲ್ಲಿ ಪುರಾತತ್ತ್ವ ಇಲಾಖೆಯ ಇನ್ನೊಂದು ಟಿಕೆಟ್ಟು. ಒಂದೇ ಬೆಟ್ಟಕ್ಕೆ ಎರಡು ಸರಕಾರಿ ಇಲಾಖೆ ಹೇಗೆ ಎಂಬುದೇ ಪೌರನೀತಿಯ ಒಂದು ಪಾಠವಾದೀತು. ಮೇಲೆ ಹೋದರೆ ಕರಿಗಲ್ಲ ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಗವಿಗಳು. ಕ್ರಿಸ್ತಪೂರ್ವ ಒಂದನೆಯ ಶತಮಾನದ ಸುಮಾರಿನಿಂದ ಸಾವಿರ ವರ್ಷ ಜನ ಇಲ್ಲಿ ಕೊರೆಯುತ್ತಲೇ ಇದ್ದರು. ಮೂರನೆಯ ಗವಿ ದೊಡ್ಡ ಚೈತ್ಯ. ಅದರ ಮೊಗಸಾಲೆಯ ಎರಡು ತುದಿಗೂ ಏಳು ಮೀಟರಿನಷ್ಟು ಎತ್ತರದ ಬುದ್ಧ ನಿಂತಿದ್ದಾನೆ. ಪ್ರವಾಸಿಗರು ಅಲ್ಲಿ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಶಿಕ್ಷಕರು ಅಲ್ಲಿಂದ ಮುಂದಕ್ಕೆ ಹತ್ತಬೇಕು.

ಮುಂದೆ ಇರುವುದು ನೀರಿನ ಕತೆ. ಗವಿ ಗವಿಯ ಬಾಗಿಲಲ್ಲೂ ಬಂಡೆಯಲ್ಲೇ ತೋಡಿದ ತೊಟ್ಟಿ. ಮಳೆಯ ನೀರು ಬಂಡೆಯ ಮೇಲಿಂದ ಹರಿದು ಆ ತೊಟ್ಟಿಗೇ ಬೀಳುವಂತೆ ಉಳಿಯಿಂದ ಕೊರೆದ ಕಾಲುವೆಗಳು. ದಾನಿಗಳು ಗವಿಯ ಜೊತೆ ತೊಟ್ಟಿಯನ್ನೂ ಕೊಟ್ಟೆವೆಂದು ಪ್ರಾಕೃತದಲ್ಲಿ ಬರೆಸಿದ್ದಾರೆ. ಕಲ್ಯಾಣದ ವರ್ತಕ, ಸೋಪಾರದ ವರ್ತಕ, ಅಕ್ಕಸಾಲಿಗ, ಕಮ್ಮಾರ, ಭಿಕ್ಷುಣಿ, ಹೀಗೆ ಪಟ್ಟಿ ಬೆಳೆಯುತ್ತದೆ. ನಾಲ್ಕು ತಿಂಗಳು ಸುರಿದು ಎಂಟು ತಿಂಗಳು ಒಣಗುವ ಕೊಂಕಣದ ಬೆಟ್ಟದ ಮೇಲೆ ನೂರಾರು ಭಿಕ್ಷುಗಳು ವರ್ಷವಿಡೀ ಬದುಕಿದ್ದು ಈ ಲೆಕ್ಕಾಚಾರದಿಂದ. ಅದೇ ಕಾಡಿನಲ್ಲಿ, ಹೆಚ್ಚು ದೂರವಿಲ್ಲದ ಕಡೆ, ಬ್ರಿಟಿಷರು 1860ರಲ್ಲಿ ವಿಹಾರ್ ಕೆರೆ ಕಟ್ಟಿ ಮುಗಿಸಿದರು. 1879ರಲ್ಲಿ ತುಳಸಿ ಕೆರೆ ಆಯಿತು. ಎರಡೂ ಇವತ್ತಿಗೂ ಮುಂಬಯಿಗೆ ನೀರು ಕೊಡುತ್ತಿವೆ. ಮೇ ತಿಂಗಳಲ್ಲಿ ಪಾಲಿಕೆ ನೀರು ಕಡಿತ ಘೋಷಿಸಿದಾಗ ಖೋಲಿಯ ಮುಂದೆ ಬೆಳಗಿನ ಜಾವ ಹಂಡೆ ಇಟ್ಟು ಕಾಯುವ ಮಗುವಿಗೆ ಈ ತೊಟ್ಟಿಯಿಂದ ಆ ಕೆರೆಗೆ, ಆ ಕೆರೆಯಿಂದ ತನ್ನ ನಲ್ಲಿಗೆ ಗೆರೆ ಎಳೆಯಲು ಬರಬೇಕು. ಭೂಗೋಳ, ಇತಿಹಾಸ, ಗಣಿತ ಮೂರೂ ಒಂದೇ ಬಂಡೆಯ ಮೇಲಿವೆ. ತೊಟ್ಟಿಯ ಉದ್ದ, ಅಗಲ, ಆಳ ಅಳೆದು ಎಷ್ಟು ಲೀಟರು ಹಿಡಿಯುತ್ತದೆ ಎಂದು ಲೆಕ್ಕ ಹಾಕಿ. ಒಬ್ಬ ಭಿಕ್ಷುವಿಗೆ ದಿನಕ್ಕೆ ಇಷ್ಟು ಎಂದು ಊಹಿಸಿಕೊಂಡು, ಎಷ್ಟು ಜನಕ್ಕೆ ಎಷ್ಟು ತಿಂಗಳು ಸಾಕಾದೀತು ಎಂದು ನೋಡಿ. ಕಲ್ಲು ಕಾದು ತೊಟ್ಟಿ ತಳ ಕಾಣುವ ಮೇ ತಿಂಗಳಲ್ಲಿ ಈ ಪಾಠಕ್ಕೆ ಬರುವ ಅರ್ಥ ಡಿಸೆಂಬರಿನ ಪಿಕ್ನಿಕ್ಕಿನಲ್ಲಿ ಬರುವುದಿಲ್ಲ.

ಕೂತು ಮಾತಾಡಲು ಜಾಗವೂ ಇದೆ. ಹನ್ನೊಂದನೆಯ ಗವಿಯನ್ನು ದರ್ಬಾರ್ ಗವಿ ಎನ್ನುತ್ತಾರೆ. ವಿಶಾಲವಾದ ಹಜಾರ, ನೆಲದಲ್ಲೇ ಬಿಟ್ಟುಕೊಂಡ ಉದ್ದುದ್ದ ಎರಡು ಕಲ್ಲಿನ ತಗ್ಗು ಪೀಠಗಳು. ಎಲ್ಲೋರದ ಐದನೆಯ ಗವಿಯಲ್ಲೂ ಇಂಥದೇ ಏರ್ಪಾಡಿದೆ. ಭಿಕ್ಷುಗಳು ಎದುರುಬದುರು ಕುಳಿತು ಓದುತ್ತಿದ್ದರೋ ಉಣ್ಣುತ್ತಿದ್ದರೋ ಎಂಬ ಬಗ್ಗೆ ವಿದ್ವಾಂಸರು ವಾದ ಮಾಡಲಿ. ನಮ್ಮ ತರಬೇತಿಯ ಗುಂಪು ಚರ್ಚೆಗೆ ಅದು ಧಾರಾಳ ಸಾಕು. ಅಮೋಘವರ್ಷನ ಹೆಸರಿರುವ ಶಾಸನಗಳಲ್ಲಿ ಒಂದು ಇರುವುದೂ ಈ ಗವಿಯಲ್ಲೇ. ಶಾಸನದ ಮೇಲೆ ಕೈ ಇಡಬಾರದು, ಸುಣ್ಣ, ಸೀಮೆಸುಣ್ಣ ತಿಕ್ಕಬಾರದು. ಅಚ್ಚು ತೆಗೆಯಲು ಇಲಾಖೆಯ ಅನುಮತಿ ಬೇಕು. ಹಾಗಾಗಿ ಶಾಸನದ ಪಾಠ, ಅದರ ಕನ್ನಡ ಅನುವಾದ, ಎರಡನ್ನೂ ಕಾಗದದಲ್ಲಿ ಕೈಗೆ ಕೊಟ್ಟು ಕಲ್ಲಿನ ಮುಂದೆ ನಿಲ್ಲಿಸಿದರಾಯಿತು.

ಇದು ನನ್ನ ತಲೆಯಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ಶಾಲಾ ಶಿಕ್ಷಕರನ್ನು ಬೇಸಿಗೆಯಲ್ಲಿ ಐತಿಹಾಸಿಕ ಸ್ಥಳಗಳಿಗೆ ಕರೆಸಿ, ರೇಂಜರಿನ ಸಮವಸ್ತ್ರ ತೊಡಿಸಿ, ವಾರಗಟ್ಟಲೆ ಕೆಲಸ ಕೊಟ್ಟು, ಅಲ್ಲಿಂದ ಪಾಠ ತಯಾರಿಸಿಕೊಂಡು ಹೋಗುವಂತೆ ಮಾಡುವ ಕಾರ್ಯಕ್ರಮ ನಡೆಸಿದೆ. ಗೌರವಧನವೂ ಉಂಟು. ನಮ್ಮಲ್ಲೂ ಕೇಂದ್ರ ಸಂಸ್ಕೃತಿ ಇಲಾಖೆಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ (ಸಿಸಿಆರ್‌ಟಿ) 1979ರಿಂದ ಶಿಕ್ಷಕರಿಗೆ ಇಂಥ ಶಿಬಿರ ನಡೆಸುತ್ತಾ ಬಂದಿದೆ, ಸ್ಮಾರಕಗಳಿಗೂ ಕರೆದೊಯ್ಯುತ್ತದೆ. ಒಳ್ಳೆಯ ಕೆಲಸ. ಆದರೆ ದೆಹಲಿಗೋ ಹೈದರಾಬಾದಿಗೋ ಹೋಗಿಬರುವ ಅವಕಾಶ ಒಂದು ಶಾಲೆಗೆ ಯಾವಾಗ ಬಂದೀತು? ಬಂದರೂ ಹೋಗುವವರು ಒಬ್ಬರು. ಮನೆಯ ಬಾಗಿಲಲ್ಲಿ ಬೆಟ್ಟ ಇಟ್ಟುಕೊಂಡು ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ.

ಎರಡನೆಯ ದಿನ ಕಾಳಾ ಘೋಡಾದ ವಸ್ತುಸಂಗ್ರಹಾಲಯ. 1922ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಹೆಸರಿನಲ್ಲಿ ಬಾಗಿಲು ತೆರೆದು, ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರು ಹೊತ್ತಿರುವ ಕಟ್ಟಡ. ಮೊದಲ ದಿನ ಬೆವರು ಸುರಿಸಿದವರಿಗೆ ತಣ್ಣನೆಯ ನೆರಳೂ ಸಿಕ್ಕಂತಾಯಿತು. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛಾವಣಿಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಕಲ್ಲಿನ ಫಲಕಗಳು ಇರುವುದು ಇಲ್ಲಿ. ಬಿಜಾಪುರ, ಧಾರವಾಡಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ನಮ್ಮ ಕಲ್ಲುಗಳಿಗೂ ಮುಂಬಯಿಯೇ ರಾಜಧಾನಿಯಾಗಿತ್ತು. ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದವರು ಮನುಷ್ಯರು ಮಾತ್ರವಲ್ಲ ಎಂದು ಮಕ್ಕಳಿಗೆ ನಗಿಸಿ ಹೇಳಬಹುದು. ಪಂಡಿತ ಭಗವಾನಲಾಲ್ ಇಂದ್ರಜಿ 1882ರಲ್ಲಿ ನಾಲಾಸೋಪಾರದ ಸ್ತೂಪ ಅಗೆಸಿದರು. ಆ ಊರಿನಲ್ಲಿ ಸಿಕ್ಕ ಅಶೋಕನ ಶಾಸನದ ತುಣುಕನ್ನೂ ಇದೇ ಸಂಗ್ರಹಾಲಯದಲ್ಲಿ ನೋಡಬಹುದು. ಅಶೋಕನ ಶಾಸನ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿದೆ. ವಿರಾರ್ ಲೋಕಲಿನಲ್ಲಿ ನಾಲಾಸೋಪಾರಕ್ಕೆ ಮರಳುವ ಕಲಬುರಗಿಯ ಕುಟುಂಬದ ಎರಡೂ ಊರಿನಲ್ಲಿ ಒಬ್ಬನೇ ರಾಜ ಬರೆಸಿದ ಕಲ್ಲುಗಳು!

ಮೂರನೆಯ ದಿನವೇ ನನ್ನ ದೃಷ್ಟಿಯಲ್ಲಿ ಮುಖ್ಯ. ಅಂದು ಪ್ರತಿಯೊಬ್ಬ ಶಿಕ್ಷಕರೂ ತಮ್ಮ ಶಾಲೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಹಳೆಯ ಕಲ್ಲನ್ನು ಹುಡುಕಿಕೊಳ್ಳಬೇಕು. ಧಾರಾವಿಯವರಿಗೆ ಕಾಳಾ ಕಿಲ್ಲಾ ಇದೆ. ಬಸ್ ಡಿಪೊಗೆ ಅದೇ ಹೆಸರು ಇಟ್ಟಿದ್ದಾರೆ, ಕೋಟೆಯನ್ನು ಮಾತ್ರ ಯಾರೂ ನೋಡುವುದಿಲ್ಲ. ಗವರ್ನರ್ ಜಾನ್ ಹಾರ್ನ್ 1737ರಲ್ಲಿ ಕಟ್ಟಿಸಿದ ಎಂಬ ಫಲಕ ಅದರ ಗೋಡೆಯಲ್ಲಿದೆ. ಎರಡು ವರ್ಷ ಕಳೆಯುವುದರೊಳಗೆ, 1739ರ ಮೇ ತಿಂಗಳಲ್ಲಿ, ಚಿಮಾಜಿ ಅಪ್ಪ ಪೋರ್ಚುಗೀಸರಿಂದ ವಸಯಿ ಕೋಟೆ ಕಿತ್ತುಕೊಂಡ. ಮಾಹಿಮ್ ಖಾರಿಯ ದಂಡೆಯಲ್ಲಿ ಇಂಗ್ಲಿಷರು ಯಾಕೆ ಆ ಹೊತ್ತಿಗೆ ಗೋಡೆ ಎಬ್ಬಿಸಿದರು ಎಂಬುದನ್ನು ಎರಡು ತಾರೀಕು ಪಕ್ಕಪಕ್ಕ ಇಟ್ಟು ಮಕ್ಕಳೇ ಊಹಿಸಲಿ. ಬೋರಿವಲಿ ಪಶ್ಚಿಮದ ಎಕ್ಸರ್‌ನಲ್ಲಿ ವೀರಗಲ್ಲುಗಳಿವೆ. ದೇವಗಿರಿಯ ಯಾದವ ಮಹಾದೇವನಿಗೂ ಶಿಲಾಹಾರರ ಸೋಮೇಶ್ವರನಿಗೂ 1265ರ ಸುಮಾರಿಗೆ ನಡೆದ ಕಾಳಗ ಅವುಗಳಲ್ಲಿದೆ ಎನ್ನುತ್ತಾರೆ. ಸಾಲಾಗಿ ಹುಟ್ಟು ಹಾಕುವ ಹಡಗುಗಳ ಚಿತ್ರವಿರುವ ವೀರಗಲ್ಲು. ತುರು ಕಾದು ಸತ್ತವರ ಕಲ್ಲುಗಳನ್ನಷ್ಟೇ ಕಂಡ ನಮ್ಮ ಉತ್ತರ ಕರ್ನಾಟಕದ ಮಕ್ಕಳಿಗೆ ಅದು ಹಬ್ಬ.

ಜೋಗೇಶ್ವರಿಯದು ಬೇರೆಯೇ ಕತೆ. ಆರನೆಯ ಶತಮಾನದ ದೊಡ್ಡ ಶೈವ ಗವಿ, ಅದರ ಸುತ್ತಲೂ ಬಸ್ತಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು ಎಂದು 2010ರ ತಿದ್ದುಪಡಿ ಕಾನೂನು ಹೇಳುತ್ತದೆ. ಅಲ್ಲಿನ ಮಗುವಿಗೆ ಸ್ಮಾರಕವೆಂದರೆ ಅಪ್ಪ ಮನೆಯ ಮೇಲೊಂದು ಮಾಳಿಗೆ ಎಬ್ಬಿಸಲು ಬಿಡದ ಕಾನೂನು. ಆ ಮಗುವಿನ ಎದುರು 'ನಮ್ಮ ಭವ್ಯ ಪರಂಪರೆ' ಎಂಬ ಭಾಷಣ ಬಿಗಿದರೆ ಅದು ಒಳಗೊಳಗೇ ನಗುತ್ತದೆ. ಶಿಕ್ಷಕಿ ಆ ಓಣಿಯಲ್ಲಿ ಒಮ್ಮೆ ನಡೆದು, ಆ ಮನೆಯವರೊಂದಿಗೆ ಮಾತಾಡಿದರೆ ಭಾಷಣ ತಾನಾಗಿ ಇಳಿಯುತ್ತದೆ, ಪಾಠ ಶುರುವಾಗುತ್ತದೆ.

ಶಿಕ್ಷಕರನ್ನು ಸ್ಮಾರಕಕ್ಕೆ ಒಯ್ಯುವುದೆಂದರೆ ಘೋಷಣೆ ಕೂಗಿಸಲು ಒಯ್ದಂತೆ ಆಗುವುದಿಲ್ಲವೇ ಎಂದು ಒಬ್ಬ ಸಹೋದ್ಯೋಗಿ ಕೇಳಿದರು. ಈಗಿನ ದಿನಮಾನದಲ್ಲಿ ನ್ಯಾಯವಾದ ಭಯ. ನನಗೆ ಸಭಾಂಗಣದ ಸ್ಲೈಡಿನ ಬಗ್ಗೆಯೇ ಆ ಭಯ ಹೆಚ್ಚು. ಸ್ಲೈಡಿಗೆ ಬೇಕಾದ ಅಡಿಬರಹ ಹಾಕಬಹುದು. ಕಾನ್ಹೇರಿಯ ಕಲ್ಲು ಅಷ್ಟು ಸುಲಭವಾಗಿ ಯಾರ ಕಡೆಗೂ ಸೇರುವುದಿಲ್ಲ. ಬೌದ್ಧರ ಗವಿ, ಜೈನ ಧರ್ಮದ ಕಡೆ ಒಲವಿದ್ದ ಚಕ್ರವರ್ತಿಯ ಹೆಸರು, ಶಿವಭಕ್ತ ಮನೆತನದ ಸಾಮಂತ, ಅವನ ಮಂತ್ರಿಯ ದಾನ. ತೊಂಬತ್ತನೆಯ ಗವಿಯಲ್ಲಿ 1009 ಮತ್ತು 1021ರಲ್ಲಿ ಬಂದು ಹೋದ ಪಾರಸಿಗಳು ಪಹ್ಲವಿ ಭಾಷೆಯಲ್ಲಿ ತಮ್ಮ ಹೆಸರು ಬರೆದಿಟ್ಟಿದ್ದಾರೆ. ಅಲ್ಲಿಂದ ಕೆಲವೇ ಮೈಲಿ ಆಚೆಯ ಮಂಡಪೇಶ್ವರ ಶಿವನ ಗವಿ. ಪೋರ್ಚುಗೀಸರ ಕಾಲದಲ್ಲಿ ಇಗರ್ಜಿಯಾಯಿತು, ಮತ್ತೆ ಶಿವನದಾಯಿತು, ತಲೆಯ ಮೇಲೆ ಇಗರ್ಜಿಯ ಹಾಳು ಗೋಡೆ ಇನ್ನೂ ನಿಂತಿದೆ. ಇಲ್ಲಿ ಬಲವಂತವೂ ನಡೆದಿದೆ, ಹೊಂದಾಣಿಕೆಯೂ ನಡೆದಿದೆ. ಎರಡನ್ನೂ ಮುಚ್ಚದೆ ಹೇಳುವ ಧೈರ್ಯ ಕಣ್ಣಾರೆ ಕಂಡವರಿಗೆ ಬರುತ್ತದೆ.

ಎಲಿಫೆಂಟಾವನ್ನು ಈ ಮೂರು ದಿನಕ್ಕೆ ನಾನು ಸೇರಿಸಿಲ್ಲ, ಕಾರಣವಿದೆ. 2024ರ ಡಿಸೆಂಬರ್ 18ರಂದು ನೌಕಾಪಡೆಯ ವೇಗದೋಣಿ ಪ್ರಯಾಣಿಕರ ಲಾಂಚಿಗೆ ಬಡಿದು ಜೀವಹಾನಿಯಾದ ಮೇಲೆ ಮುಖ್ಯೋಪಾಧ್ಯಾಯರು ಆ ಹೆಸರು ಎತ್ತಿದರೇ ಕೈ ಮುಗಿಯುತ್ತಾರೆ. ಅದು ನಷ್ಟವೇ. ಸುಮಾರು 634ರ ಐಹೊಳೆ ಶಾಸನದಲ್ಲಿ ಪುಲಕೇಶಿಯ ನೌಕಾಬಲ ಮುತ್ತಿದ 'ಪುರಿ' ಈ ಘಾರಾಪುರಿ ದ್ವೀಪವೇ ಎನ್ನುವ ವಿದ್ವಾಂಸರಿದ್ದಾರೆ. ಲೈಫ್ ಜಾಕೆಟ್ಟಿನ ನಿಯಮ ನಿಜವಾಗಿ ಪಾಲನೆಯಾಗುತ್ತಿದೆಯೇ ಎಂದು ಮೊದಲು ಶಿಕ್ಷಕರ ಒಂದು ತಂಡ ಹೋಗಿ ನೋಡಿಬರಲಿ, ಮಕ್ಕಳ ಮಾತು ಆಮೇಲೆ.

ಇನ್ನು ರಜೆಯ ವಿಷಯ. ಚುನಾವಣೆ, ಮತದಾರರ ಪಟ್ಟಿ, ಜನಗಣತಿ, ಸಮೀಕ್ಷೆ ಎಂದು ಶಿಕ್ಷಕರ ರಜೆಯನ್ನು ಎಲ್ಲರೂ ಕಚ್ಚಿ ಕಚ್ಚಿ ತಿಂದಾಗಿದೆ. ನಾನೂ ಈಗ ಒಂದು ತುತ್ತು ಕೇಳುತ್ತಿದ್ದೇನೆ ಎಂದು ಯಾರಾದರೂ ಬೈದರೆ ಬೈಯಲಿ. ಆದರೆ ಷರತ್ತು ಹಾಕಿ ಕೇಳುತ್ತಿದ್ದೇನೆ. ಈ ಮೂರು ದಿನ ಈಗಾಗಲೇ ಇರುವ 50 ಗಂಟೆಯೊಳಗೇ ಬರಬೇಕು, ಅದರ ಮೇಲಲ್ಲ. ಬದಲಿಗೆ ಗಳಿಕೆ ರಜೆ ಕೊಡಬೇಕು. ಬೆಟ್ಟದ ಕೆಲಸ ಹನ್ನೊಂದು ಗಂಟೆಗೆ ಮುಗಿಯಬೇಕು. ಮೇ ತಿಂಗಳ ಮಧ್ಯಾಹ್ನ ಕರಿಗಲ್ಲ ಮೇಲೆ ಯಾರನ್ನೂ ನಿಲ್ಲಿಸಬಾರದು, ನಮ್ಮಲ್ಲಿ ಐವತ್ತು ದಾಟಿದವರು, ಮೊಣಕಾಲು ನೋವಿನವರು ಬಹಳ. ಕುಡಿಯುವ ನೀರು, ಶೌಚಾಲಯ, ಬಸ್ಸು ಇಲಾಖೆಯದು. ಎರಡೂ ಟಿಕೆಟ್ಟು ಮಾಫಿ. ಫೋಟೊ ಅಪ್‌ಲೋಡ್ ಮಾಡಿದ್ದಕ್ಕೆ ಹಾಜರಿ ಎಂಬ ಪದ್ಧತಿ ಬೇಡ. ತಯಾರಿಸಿದ ಒಂದು ಪಾಠ ಕೊಟ್ಟವರಿಗೆ ಹಾಜರಿ. ಮತ್ತು ಸಾಹಿತ್ಯ ನಮ್ಮ ನಮ್ಮ ಭಾಷೆಯಲ್ಲಿ ಇರಬೇಕು. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. ಆದರೆ ನಾನು ಹೋದ ತರಬೇತಿಗಳಲ್ಲಿ ಕೈಗೆ ಬಂದ ಹಾಳೆಗಳೆಲ್ಲ ಮರಾಠಿಯವು. ಮರಾಠಿ ನಮಗೆ ಬರುತ್ತದೆ, ಪ್ರೀತಿಯೂ ಇದೆ. ಆದರೂ ಕನ್ನಡದಲ್ಲಿ ಕಲಿಸಬೇಕಾದ ಪಾಠವನ್ನು ಕನ್ನಡದಲ್ಲೇ ತಯಾರಿಸಲು ಬಿಟ್ಟರೆ ಒಳ್ಳೆಯದು.

ಹಣ ಹೆಚ್ಚೇನೂ ಬೇಡ. ಪುರಾತತ್ತ್ವ ಇಲಾಖೆಯ ಮುಂಬಯಿ ವಲಯದ ಕಚೇರಿ ಸಾಯನ್ ಕೋಟೆಯಲ್ಲೇ ಇದೆ. ಪಾಲಿಕೆಯ ಶಿಕ್ಷಣ ವಿಭಾಗದಿಂದ ಅಲ್ಲಿಗೆ ಒಂದು ಪತ್ರ ಹೋದರೆ ಕೆಲಸ ಶುರು. ಅವರಲ್ಲಿ ಶಾಸನ ಓದಬಲ್ಲವರಿದ್ದಾರೆ, ನಮ್ಮಲ್ಲಿ ಮಕ್ಕಳನ್ನು ಬಲ್ಲವರಿದ್ದಾರೆ. ಒಂದೇ ವರ್ಷ, ಒಂದೇ ವಾರ್ಡು, ಮೂವತ್ತು ಶಿಕ್ಷಕರಿಂದ ಮೊದಲಾಗಲಿ.

ಉಳಿದದ್ದು ನಮ್ಮ ಮುಂಬಯಿ ಕನ್ನಡ ಸಂಘಗಳಿಗೆ ಹೇಳುವ ಮಾತು. ಶಾಲು, ಹಾರ, ಸ್ಮರಣಿಕೆಗಳ ಖರ್ಚಿನಲ್ಲಿ ಒಂದು ಸಮಾರಂಭದ್ದನ್ನು ಈ ವರ್ಷ ಉಳಿಸಿ. ಕಾನ್ಹೇರಿಯ ಆ ಮೂರು ಶಾಸನಗಳ ಪಾಠ, ಕನ್ನಡ ಅನುವಾದ, ಒಂದು ನಕಾಶೆ, ನಾಲ್ಕು ಚಿತ್ರ ಇರುವ ನಲವತ್ತು ಪುಟದ ಪುಸ್ತಿಕೆಯನ್ನು ಬಲ್ಲ ವಿದ್ವಾಂಸರಿಂದ ಬರೆಸಿ ಅಚ್ಚು ಹಾಕಿಸಿ, ಪ್ರತಿ ಕನ್ನಡ ಶಾಲೆಗೂ ಕಳಿಸಿಕೊಡಿ. ಜೂನ್ ಮಧ್ಯಕ್ಕೆ ಶಾಲೆ ತೆರೆಯುವ ಮೊದಲು ಕೈಗೆ ಸಿಗಬೇಕು. ನೀವೇ ಒಮ್ಮೆ ಹೋಗಿ ನೋಡಿಬರುವುದಾದರೆ, ಸೋಮವಾರ ಬಿಟ್ಟು ಹೋಗಿ. ಅಂದು ಉದ್ಯಾನಕ್ಕೂ ಗವಿಗಳಿಗೂ ರಜೆ.